ಮೂರನೆಯ ಗಂಟೆಗೆ ಮೊದಲು ಒಂದು ಬೆಣ್ಣೆ ದೋಸೆ

ನಮ್ಮ ದಾವಣಗೆರೆಯಲ್ಲಿ ಹವ್ಯಾಸಿ ತಂಡಗಳ ನಾಟಕವಾಗಲಿ, ಊರೂರು ಸುತ್ತಿ ಬರುವ ಹೆಗ್ಗೋಡಿನ ನೀನಾಸಮ್ ತಿರುಗಾಟದ ನಾಟಕವಾಗಲಿ, ಸಾಣೇಹಳ್ಳಿ ಮಠದ ಶಿವಸಂಚಾರ ತಂಡದ ನಾಟಕವಾಗಲಿ, ಸಾಮಾನ್ಯವಾಗಿ ಸಂಜೆ 6.30ರ ಆಸುಪಾಸಿನಲ್ಲಿ ಆರಂಭವಾಗಿ ರಾತ್ರಿ 8.30 ಅಥವಾ 9ರ ಹೊತ್ತಿಗೆ ಮುಗಿಯುತ್ತದೆ. ನಾಟಕ ನೋಡುವುದಕ್ಕೆ ಇದು ಒಳ್ಳೆಯ ಹೊತ್ತು, ಆದರೆ ಉಣ್ಣುವುದಕ್ಕೆ ತೊಡಕಿನ ಹೊತ್ತು. ಮನೆಯಲ್ಲಿ ಉಂಡು ಹೊರಡೋಣವೆಂದರೆ ಸಂಜೆ ಐದಕ್ಕೆ ಯಾರಿಗೂ ಅನ್ನ ಸೇರುವುದಿಲ್ಲ. ಬಂದು ಉಣ್ಣೋಣವೆಂದರೆ ಒಂಬತ್ತೂವರೆಯಾಗುತ್ತದೆ. ನಮ್ಮ ಮನೆಯಲ್ಲಿ ಒಂಬತ್ತೂವರೆಯವರೆಗೆ ಕಾಯುವಂತಿಲ್ಲ. ಅತ್ತೆಯವರಿಗೆ ಈಗ 76 ವರ್ಷ. 18 ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಊಟ ಒಂದು ಗಂಟೆ ತಡವಾದರೂ ಅವರ ಕೈ ನಡುಗುತ್ತದೆ. ಹಾಗೆಂದು ಅವರನ್ನು ಮನೆಯಲ್ಲಿ ಬಿಟ್ಟು ನಾವು ನಾಟಕಕ್ಕೆ ಹೋಗುವುದು ಸಾಧ್ಯವೇ ಇಲ್ಲ, ಏಕೆಂದರೆ ಈ ಮನೆಗೆ ನಾಟಕದ ಹುಚ್ಚು ಹತ್ತಿಸಿದವರೇ ಅವರು.

ಅವರ ಕಾಲದಲ್ಲಿ ಈ ತೊಡಕು ಇರಲಿಲ್ಲ. ಕಂಪನಿ ನಾಟಕಗಳ ರಾತ್ರಿಯ ಆಟ ಶುರುವಾಗುತ್ತಿದ್ದುದೇ ಊರೆಲ್ಲ ಉಂಡಾದ ಮೇಲೆ. ರಂಗನಟಿ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಕಂಪನಿಯ ನಾಟಕಗಳನ್ನು ಅತ್ತೆಯವರು ಎಷ್ಟು ಸಲ ನೋಡಿದ್ದಾರೆಂಬುದಕ್ಕೆ ಲೆಕ್ಕವಿಲ್ಲ. ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂದಾಗ ಮನೆಯಲ್ಲಿ ಹೋಳಿಗೆ ಮಾಡಿದ್ದನ್ನು ಈಗಲೂ ನೆನೆಸಿಕೊಳ್ಳುತ್ತಾರೆ. ಆಗ ರೊಟ್ಟಿ ಉಂಡು, ಮಕ್ಕಳಿಗೂ ಉಣ್ಣಿಸಿ, ಕಂಬಳಿಯೊಂದನ್ನು ಹೆಗಲಿಗೆ ಹಾಕಿಕೊಂಡು ಹತ್ತು ಗಂಟೆಯ ಆಟಕ್ಕೆ ಹೊರಟರೆ, ತಿರುಗಿ ಬರುವಾಗ ಕೋಳಿ ಕೂಗುವ ಹೊತ್ತು ಹತ್ತಿರವಾಗಿರುತ್ತಿತ್ತಂತೆ. ನಾಟಕದ ಹೊತ್ತು ಹಿಂದಕ್ಕೆ ಸರಿದು ಸಂಜೆಗೆ ಬಂದಿತು, ಮನೆಯ ಊಟದ ಹೊತ್ತು ಮಾತ್ರ ಇದ್ದಲ್ಲೇ ಉಳಿಯಿತು. ಈ ನಡುವಿನ ತೆರಪನ್ನು ಹೋಟೆಲಿನಲ್ಲಿ ತುಂಬಿಕೊಳ್ಳುವುದನ್ನು ನಾನು ಕಳೆದ ಏಳೆಂಟು ವರ್ಷಗಳಲ್ಲಿ ತಪ್ಪು ಮಾಡುತ್ತ ಮಾಡುತ್ತಲೇ ಕಲಿತಿದ್ದೇನೆ.

ಮೊದಲ ತಪ್ಪು ದೊಡ್ಡದು. ಅಂದು ಭಾನುವಾರ. ನಾಟಕ 6.30ಕ್ಕೆಂದು ಕರಪತ್ರದಲ್ಲಿತ್ತು. ಹೇಗೂ ಹೊರಗೆ ಹೊರಟಿದ್ದೇವೆ, ಚೆನ್ನಾಗಿಯೇ ಉಣ್ಣೋಣವೆಂದು ನಾವು ನಾಲ್ವರೂ ಐದೂಮುಕ್ಕಾಲಿಗೆ ಒಂದು ದೊಡ್ಡ ಫ್ಯಾಮಿಲಿ ರೆಸ್ಟೋರೆಂಟ್‌ನಲ್ಲಿ ಕುಳಿತು ಸೂಪು, ರೋಟಿ, ಪನೀರ್ ಎಂದೆಲ್ಲ ಹೇಳಿದೆವು. ಸೂಪು ಬರುವಾಗಲೇ ಆರು ದಾಟಿತ್ತು. ರೋಟಿ ಬಂದಾಗ ಆರೂ ಇಪ್ಪತ್ತು. ಅರ್ಧ ತಿಂದು, ಬಿಲ್ಲಿಗೆ ಕಾದು, ಆಟೋ ಹಿಡಿದು ಸಭಾಂಗಣ ಮುಟ್ಟುವಷ್ಟರಲ್ಲಿ, ನಾಟಕ ಶುರುವಾಯಿತೆಂದು ಸಾರುವ ಮೂರನೆಯ ಗಂಟೆ ಹೊಡೆದು ಹತ್ತು ನಿಮಿಷವಾಗಿತ್ತು. ಬಾಗಿಲಲ್ಲಿದ್ದ ಹುಡುಗ ವಯಸ್ಸಾದವರನ್ನು ಕಂಡು ಒಳಗೆ ಬಿಟ್ಟ. ಒಳಗೆ ಕಗ್ಗತ್ತಲು. ಅತ್ತೆಯವರು ಮೆಟ್ಟಿಲು ಎಡವಿಯಾರೆಂದು ನಾನು ಮೊಬೈಲಿನ ಟಾರ್ಚ್ ಹಾಕಿದೆ. ರಂಗದ ಮೇಲೆ ಒಬ್ಬನೇ ನಟ, ಮಾತಿಲ್ಲದೆ, ಪ್ರೇಕ್ಷಕರ ಕಡೆಗೆ ನೋಡುತ್ತ ನಿಂತಿದ್ದ. ನನ್ನ ಕೈ ಸ್ವಲ್ಪ ಮೇಲೆದ್ದಿತು, ಬೆಳಕು ನೇರವಾಗಿ ಅವನ ಕಣ್ಣಿಗೆ ಹೊಡೆಯಿತು. ಅವನು ಅಲುಗಲಿಲ್ಲ, ಆದರೆ ಕಣ್ಣು ಮಿಟುಕಿಸಿದ್ದನ್ನು ನಾನು ಕಂಡೆ. ಆ ಮೌನವನ್ನು ಕಟ್ಟಲು ಆ ಹುಡುಗ ಎಷ್ಟು ದಿನ ತಾಲೀಮು ಮಾಡಿದ್ದನೋ! ಅಂದಿನ ನಾಟಕದ ಒಂದು ಮಾತೂ ನನ್ನ ತಲೆಗೆ ಹೋಗಲಿಲ್ಲ.

ಆಮೇಲೆ ನಾನು ಲೆಕ್ಕವನ್ನು ತಿರುಗಿಸಿಟ್ಟೆ. ಹಸಿವಾದಾಗ ಹೋಟೆಲಿಗೆ ಹೋಗಿ, ಮುಗಿದಾಗ ನಾಟಕಕ್ಕೆ ಹೋಗುವುದನ್ನು ಬಿಟ್ಟು, ಮೂರನೆಯ ಗಂಟೆಯಿಂದ ಹಿಂದಕ್ಕೆ ಎಣಿಸತೊಡಗಿದೆ. 6.30ಕ್ಕೆ ನಾಟಕವೆಂದರೆ 6.10ಕ್ಕೆ ಕುರ್ಚಿಯಲ್ಲಿರಬೇಕು. ಅತ್ತೆಯವರು ಆಟೋ ಇಳಿದು, ಮೆಟ್ಟಿಲು ಹತ್ತಿ, ಶೌಚಾಲಯಕ್ಕೆ ಹೋಗಿ ಬಂದು ಕೂರುವುದಕ್ಕೆ 15 ನಿಮಿಷ ಬೇಕು. ಹಾಗಾದರೆ ಸಭಾಂಗಣದ ಬಾಗಿಲಲ್ಲಿ 5.55ಕ್ಕೆ ಇಳಿಯಬೇಕು, ಹೋಟೆಲಿನಿಂದ 5.45ಕ್ಕೆ ಏಳಬೇಕು, 5ಕ್ಕೆ ಕೂರಬೇಕು. ಮನೆಯ ನಾಲ್ವರಲ್ಲಿ ಯಾರ ನಡಿಗೆ ಎಲ್ಲರಿಗಿಂತ ನಿಧಾನವೋ ಅವರ ನಡಿಗೆಯ ಮೇಲೆ ಈ ಲೆಕ್ಕ ನಿಲ್ಲಬೇಕು. ನನ್ನ ಮಗಳ ನಡಿಗೆಯ ಮೇಲೆ ನಿಲ್ಲಿಸಿದ ಲೆಕ್ಕಗಳೆಲ್ಲ ಕೆಟ್ಟಿವೆ.

ಇನ್ನು ಯಾವ ಹೋಟೆಲು ಎಂಬುದು. ಮೆನು ನೋಡಿ ಹೋಟೆಲು ಆರಿಸುವುದನ್ನು ನಾಟಕದ ದಿನ ಬಿಟ್ಟುಬಿಡಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ. ಎದುರಿಗೆ ಬೇಯುವ, ಬೆಂದ ತಕ್ಷಣ ತಟ್ಟೆಗೆ ಬೀಳುವ ಒಂದೇ ತಿನಿಸಿನ ಹೋಟೆಲು ಬೇಕು. ದಾವಣಗೆರೆಯವರಾದ ನಮಗೆ ಅದನ್ನು ಹುಡುಕುವ ಕಷ್ಟವಿಲ್ಲ. ಬೆಣ್ಣೆ ದೋಸೆಯ ಹೋಟೆಲುಗಳಿವೆ. ಅದಕ್ಕೂ ನಾಟಕಕ್ಕೂ ಇರುವ ನಂಟು ಹಳೆಯದು. 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿ ಇಲ್ಲಿನ ಸವಳಗಿ ನಾಟಕ ಥಿಯೇಟರಿನ ಬಳಿ ರಾಗಿ ಹಿಟ್ಟಿನ ದೋಸೆಗೆ ಬೆಣ್ಣೆ ಹಾಕಿ ಮಾರಲು ತೊಡಗಿದರೆಂದೂ, ಮುಂದೆ ಅವರ ಮಕ್ಕಳು ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿದ ಹಿಟ್ಟಿಗೆ ಬಂದರೆಂದೂ ಊರಿನ ಹಿರಿಯರು ಹೇಳುತ್ತಾರೆ. ನಾಟಕಕ್ಕೆ ಬಂದವರ ಹಸಿವನ್ನು ನೋಡಿ ಹುಟ್ಟಿದ ತಿನಿಸು ಇದೆಂದು ತಿಳಿದ ಮೇಲೆ, ನಾಟಕಕ್ಕೆ ಮೊದಲು ಅದನ್ನು ತಿನ್ನುವುದು ನನಗೆ ಇನ್ನಷ್ಟು ಹಿತವಾಗಿದೆ.

ಹೋಟೆಲು ಗೊತ್ತಾದ ಮೇಲೆ ಒಂದು ವಾರದ ದಿನ ಒಬ್ಬಳೇ ಕೈಗಡಿಯಾರ ನೋಡಿಕೊಳ್ಳುತ್ತ ಹೋಗಿ ಬಂದೆ. ಸಂಜೆ ಐದಕ್ಕೆ ಹೇಳಿದ ದೋಸೆ 11 ನಿಮಿಷಕ್ಕೆ ಬಂದಿತು. ಇನ್ನೊಂದು ದಿನ ಆರೂಕಾಲಿಗೆ ಹೇಳಿದ್ದಕ್ಕೆ ಅದೇ ದೋಸೆ 30 ನಿಮಿಷ ತೆಗೆದುಕೊಂಡಿತು. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆಂಬುದನ್ನು ಒಲೆಯ ಬಳಿ ನಿಂತು ನೋಡಿ ತಿಳಿದುಕೊಂಡೆ. ದಪ್ಪ ಕಬ್ಬಿಣದ ಉದ್ದನೆಯ ಕಾವಲಿ, ಕೆಳಗೆ ಸೌದೆಯ ಉರಿ. ಭಟ್ಟರು ಒಂದು ಚೊಂಬು ನೀರನ್ನು ಕಾವಲಿಯ ಮೇಲೆ ಚಿಮುಕಿಸುತ್ತಾರೆ, ಚೊರ್ರೆಂದು ಹಬೆ ಏಳುತ್ತದೆ, ಕಡ್ಡಿಪೊರಕೆಯಿಂದ ಒಮ್ಮೆ ಗುಡಿಸುತ್ತಾರೆ, ಬಳಿಕ ಸಾಲಾಗಿ ಒಂಬತ್ತು ದೋಸೆ ಹೊಯ್ಯುತ್ತಾರೆ. ಹಿಟ್ಟಿನ ಮೈಯಲ್ಲಿ ತೂತು ಬೀಳುವುದನ್ನೇ ಕಾದು, ಡಬ್ಬಿಯಿಂದ ಬಿಳಿ ಬೆಣ್ಣೆಯನ್ನು ಬೆರಳುಗಳಲ್ಲೇ ಎತ್ತಿ ಒಂದೊಂದರ ಮೇಲೂ ಒಗೆಯುತ್ತಾರೆ. ಅಂಚು ಕೆಂಪಾಗುವವರೆಗೆ ಯಾರು ಅವಸರ ಮಾಡಿದರೂ ಕೇಳುವುದಿಲ್ಲ, ಕೇಳಲೂಬಾರದು. ಒಂದು ಕಾವಲಿ ತುಂಬಿ ಇಳಿಯುವುದಕ್ಕೆ ಏಳೆಂಟು ನಿಮಿಷ. ಹೀಗಾಗಿ ನಮ್ಮ ಮುಂದೆ ಎಷ್ಟು ಜನ ಕೂತಿದ್ದಾರೆಂದು ಎಣಿಸಿದರೆ ನಮ್ಮ ದೋಸೆ ಎಷ್ಟನೆಯ ಕಾವಲಿಗೆ ಎಂಬುದು ಗೊತ್ತಾಗಿಬಿಡುತ್ತದೆ. ಹನ್ನೆರಡು ಜನರಿದ್ದು ತಲೆಗೆ ಒಂದೊಂದು ಹೇಳಿದ್ದರೆ ನಮ್ಮದು ಎರಡನೆಯದರಲ್ಲಿ. ಎರಡೆರಡು ಹೇಳಿದ್ದರೆ ಮೂರನೆಯ ಕಾವಲಿಯೂ ಅವರಿಗೇ ಹೋಗುತ್ತದೆ. ಪಾರ್ಸೆಲ್‌ಗೆ ನಿಂತವರನ್ನು ಎಣಿಸಲು ಮರೆಯಬಾರದು, ಏಕೆಂದರೆ ಒಬ್ಬೊಬ್ಬರೂ ನಾಲ್ಕೈದು ಹೇಳಿರುತ್ತಾರೆ. ಈಗ ನಾನು ಒಳಗೆ ಕಾಲಿಡುವಾಗಲೇ ಈ ಎಣಿಕೆ ಮುಗಿಸುತ್ತೇನೆ. ನಾಲ್ಕನೆಯ ಕಾವಲಿಯೆಂದು ಕಂಡರೆ ಅಂದು ದೋಸೆಯನ್ನು ಬಿಟ್ಟು, ಪಕ್ಕದಲ್ಲೆಲ್ಲಾದರೂ ಇಡ್ಲಿಗೆ ಹೋಗುತ್ತೇವೆ. ಇಡ್ಲಿ ಯಾವಾಗಲೂ ಬೆಂದೇ ಇರುತ್ತದೆ.

ಕೂತ ತಕ್ಷಣ ಎಲ್ಲವನ್ನೂ ಒಮ್ಮೆಗೇ ಹೇಳುತ್ತೇನೆ, ಕಾಫಿಯನ್ನೂ ಸೇರಿಸಿ. ದೋಸೆ ತಿನ್ನುತ್ತಿರುವಾಗಲೇ ಯಜಮಾನರು ಎದ್ದು ಗಲ್ಲಾದ ಬಳಿ ಹಣ ಕೊಟ್ಟು ಬರುತ್ತಾರೆ.

ಎಷ್ಟು ತಿನ್ನಬೇಕೆಂಬುದರಲ್ಲಿ ನಮ್ಮ ಮನೆಯಲ್ಲಿ ವಾದವಾಗಿದೆ. ಬೆಣ್ಣೆ ದೋಸೆಯೆಂದರೆ ಎರಡು ತಿನ್ನದೆ ಏಳಬಾರದೆಂಬುದು ಯಜಮಾನರ ಮಾತು. ನಾನು ಒಪ್ಪುವುದಿಲ್ಲ. ಎರಡನೆಯ ದೋಸೆ ತಿಂದವರು ಎರಡನೆಯ ದೃಶ್ಯಕ್ಕೆ ತೂಕಡಿಸುವುದನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಒಂದು ದೋಸೆ, ಅದರ ಜೊತೆಗಿನ ಆಲೂಗಡ್ಡೆ ಪಲ್ಯ, ಅರ್ಧ ಲೋಟ ಕಾಫಿ, ಇಷ್ಟಕ್ಕೆ ಹೊಟ್ಟೆ ಸುಮ್ಮನಾಗುತ್ತದೆ ಮತ್ತು ಕಣ್ಣು ತೆರೆದಿರುತ್ತದೆ. ಚಟ್ನಿಯನ್ನು ಕೊಂಚ ಹಿಡಿದು ಹಾಕಿಸಿಕೊಳ್ಳಬೇಕು. ನಮ್ಮೂರಿನ ಹಸಿಮೆಣಸಿನಕಾಯಿ ಚಟ್ನಿಯ ಖಾರ ಗಂಟಲಿಗೆ ಹತ್ತಿದರೆ ಕೆಮ್ಮು ಬರುವುದು ನಾಟಕದ ಅತಿ ಮೆಲುದನಿಯ ಮಾತಿನ ಹೊತ್ತಿನಲ್ಲೇ. ಇದೇ ಕಾರಣಕ್ಕೆ ಮಂಡಕ್ಕಿ ಮಿರ್ಚಿಯನ್ನು ನಾಟಕ ಮುಗಿದ ಮೇಲಿನ ಹೊತ್ತಿಗೆ ಇಟ್ಟುಕೊಂಡಿದ್ದೇವೆ. ಪೊಟ್ಟಣ ಕಟ್ಟಿಸಿಕೊಂಡು ಸಭಾಂಗಣಕ್ಕೆ ಒಯ್ಯುವುದಂತೂ ಬೇಡವೇ ಬೇಡ. ಕತ್ತಲಲ್ಲಿ ಕಾಗದ ಬಿಚ್ಚುವ ಸದ್ದು ಹತ್ತು ಸಾಲಿನವರೆಗೆ ಕೇಳಿಸುತ್ತದೆ.

ಅತ್ತೆಯವರ ಮಾತ್ರೆಯದು ಬೇರೆಯೇ ಕಥೆ, ಮತ್ತು ಅದು ನನ್ನ ಎರಡನೆಯ ತಪ್ಪು. ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳುವ ಮಾತ್ರೆ ಅವರದು. ಐದಕ್ಕೆ ದೋಸೆ ಬರುತ್ತದೆಂಬ ನಂಬಿಕೆಯಲ್ಲಿ ನಾಲ್ಕೂವರೆಗೆ ಮನೆಯಲ್ಲೇ ನುಂಗಿಸಿ ಹೊರಟೆ. ಅಂದು ದಾರಿಯಲ್ಲಿ ಮೆರವಣಿಗೆಯೊಂದು ಅಡ್ಡ ಬಂದಿತು, ಹೋಟೆಲಿನಲ್ಲಿ ಜನ ತುಂಬಿದ್ದರು, ದೋಸೆ ತಟ್ಟೆಗೆ ಬೀಳುವಾಗ ಐದೂಮುಕ್ಕಾಲು. ಅಷ್ಟರಲ್ಲಿ ಅತ್ತೆಯವರ ಹಣೆ ಬೆವರಿ, ಮಾತು ತೊದಲತೊಡಗಿತ್ತು. ಸಪ್ಲೈಯರ್ ಹುಡುಗ ನೋಡಿದವನೇ ಓಡಿ ಹೋಗಿ ಲೋಟದಲ್ಲಿ ಸಕ್ಕರೆ ಕದಡಿದ ನೀರು ತಂದುಕೊಟ್ಟ. ಹತ್ತು ನಿಮಿಷದಲ್ಲಿ ಸುಧಾರಿಸಿಕೊಂಡರು, ಆದರೆ ಅಂದು ನಾಟಕ ಬಿಟ್ಟು ಮನೆಗೆ ಬಂದೆವು. ಮರುದಿನವೇ ಅವರ ವೈದ್ಯರಲ್ಲಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಹೊರಗೆ ತಿನ್ನುವ ದಿನ ತಟ್ಟೆ ಎದುರಿಗೆ ಬಂದ ಮೇಲೆಯೇ ಮಾತ್ರೆ ನುಂಗಬೇಕು, ನಾಟಕ ಮುಗಿಸಿ ಬಂದ ಮೇಲೆ ಒಂದು ರೊಟ್ಟಿ, ಸೊಪ್ಪಿನ ಪಲ್ಯ, ಮಜ್ಜಿಗೆಯಷ್ಟು ಮಿತವಾಗಿ ಉಣ್ಣಬೇಕು ಎಂದು ಅವರಿಗೆ ಹೊಂದುವಂತೆ ಹೇಳಿಕೊಟ್ಟರು. ಇದು ಅತ್ತೆಯವರ ಮಾತ್ರೆಗೆ, ಅವರ ಮೈಗೆ ಹೇಳಿದ ಮಾತು. ಮನೆಯಲ್ಲಿ ಇಂಥ ಹಿರಿಯರಿರುವವರು ತಮ್ಮ ವೈದ್ಯರನ್ನು ಕೇಳಿಯೇ ಹೊರಡಬೇಕೆಂದು ಕೈಮುಗಿದು ಹೇಳುತ್ತೇನೆ. ಈಗ ನನ್ನ ಚೀಲದಲ್ಲಿ ಗ್ಲೂಕೋಸ್ ಪುಡಿಯ ಸಣ್ಣ ಡಬ್ಬಿ ಯಾವಾಗಲೂ ಇರುತ್ತದೆ. ದೋಸೆಯ ಪಲ್ಯವನ್ನು ಅತ್ತೆಯವರು ಅರ್ಧ ತಿಂದು ಉಳಿದದ್ದನ್ನು ಮೊಮ್ಮಗಳ ತಟ್ಟೆಗೆ ಸರಿಸುತ್ತಾರೆ, ಬೆಣ್ಣೆಯನ್ನು ಮಾತ್ರ ಸರಿಸುವುದಿಲ್ಲ.

ಈ ಲೆಕ್ಕವೆಲ್ಲ ಕೂಡಿ ಬಂದ ಸಂಜೆಗಳಲ್ಲಿ ಐದರಿಂದ ಐದೂಮುಕ್ಕಾಲರವರೆಗಿನ ಹೊತ್ತು ನನಗೆ ನಾಟಕದಷ್ಟೇ ಪ್ರಿಯವಾಗಿದೆ. ದೋಸೆಗೆ ಕಾಯುವಾಗ ಮಗಳು ಅಂದಿನ ನಾಟಕದ ಕಥೆಯನ್ನು ನಾಲ್ಕು ಮಾತಿನಲ್ಲಿ ಅಜ್ಜಿಗೆ ಹೇಳುತ್ತಾಳೆ, ಕೊನೆಯನ್ನು ಮಾತ್ರ ಹೇಳುವುದಿಲ್ಲ. ಕಿವಿ ಮಂದವಾಗಿರುವ ಅತ್ತೆಯವರಿಗೆ ಇದರಿಂದ ರಂಗದ ಮೇಲಿನ ಮಾತು ಹಿಡಿಯುವುದು ಸುಲಭವಾಗುತ್ತದೆ. ಪೌರಾಣಿಕ ಕಥೆಯಾದರೆ ಹೇಳುವವರು ಅಜ್ಜಿ, ಕೇಳುವವಳು ಮೊಮ್ಮಗಳು. ಕಂಪನಿಯವರು ಅದೇ ದೃಶ್ಯವನ್ನು ಹೇಗೆ ಆಡುತ್ತಿದ್ದರೆಂದು ಕೈಯಾಡಿಸಿ ತೋರಿಸುವಾಗ ಪಕ್ಕದ ಮೇಜಿನವರೂ ತಿನ್ನುವುದನ್ನು ನಿಲ್ಲಿಸಿ ನೋಡಿದ್ದುಂಟು.

ಚಿತ್ರದುರ್ಗದ ತ.ರಾ.ಸು. ರಂಗಮಂದಿರಕ್ಕೆ ಹೋಗುವುದಾದರೆ ನಾವು ದಾವಣಗೆರೆಯಲ್ಲಿ ತಿನ್ನುವುದಿಲ್ಲ. ಹೆದ್ದಾರಿಯಲ್ಲಿ ಒಂದು ಗಂಟೆಯ ದಾರಿಯಾದರೂ ಮೊದಲು ಊರು ಮುಟ್ಟಿ, ರಂಗಮಂದಿರವನ್ನು ಕಣ್ಣಾರೆ ಕಂಡು, ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲೇ ತಿನ್ನುತ್ತೇವೆ.

ಸಾಣೇಹಳ್ಳಿಯ ಕ್ರಮ ಇದಾವುದಕ್ಕೂ ಸೇರುವುದಿಲ್ಲ. ಹೊಸದುರ್ಗ ತಾಲ್ಲೂಕಿನ ಆ ಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1997ರಲ್ಲಿ ಶಿವಸಂಚಾರವನ್ನು ಕಟ್ಟಿದರು. ನವೆಂಬರ್ ತಿಂಗಳ ರಾಷ್ಟ್ರೀಯ ನಾಟಕೋತ್ಸವಕ್ಕೆ ಸುತ್ತಲ ಹಳ್ಳಿಗಳ ಜನ ತಂಡತಂಡವಾಗಿ ಬರುತ್ತಾರೆ. ಅಲ್ಲಿ ಹೋಟೆಲು ಹುಡುಕುವ ಮಾತಿಲ್ಲ, ಮಠದ ದಾಸೋಹವಿದೆ. ಕಳೆದ ಸಲ ನಾವು ಮಧ್ಯಾಹ್ನವೇ ಹೊರಟು, ಹೊಳಲ್ಕೆರೆ, ಹೊಸದುರ್ಗದ ಮೇಲೆ ಹೋಗಿ, ಕತ್ತಲಾಗುವ ಮೊದಲು ತಲುಪಿದೆವು. ಪಂಕ್ತಿಯಲ್ಲಿ ಕೂತು ಪ್ರಸಾದ ಮುಗಿಸಿ, ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಕಂಬಳಿ ಹಾಸಿದೆ. ಅತ್ತೆಯವರು ಶಾಲು ಹೊದ್ದು, ಕಾಲು ಮಡಚಿ ಕೂತು, ಸೆರಗಿನ ಗಂಟಿನಿಂದ ಒಂದು ಏಲಕ್ಕಿ ಬಿಚ್ಚಿ ಬಾಯಿಗೆ ಹಾಕಿಕೊಂಡರು. ಸಭೆಯ ಮಾತುಗಳು ನಡೆದಿದ್ದವು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆಗೆ ಬಾಗಿ, "ಗಂಟೆ ಹೊಡೆದ್ರೇನವ್ವಾ?" ಎಂದು ಕೇಳಿದರು. ಇನ್ನೂ ಇಲ್ಲ ಅತ್ತೆ, ಹೊತ್ತಿದೆ ಎಂದೆ.