ಡಬ್ಬಿ ಬಿಡಿ, ಎಕ್ಕ ನೋಡಿ: ಮೊಹಾವಿ ಮರುಭೂಮಿಯಲ್ಲಿ ಇಸ್ಪೀಟು ಹುಡುಕಿದ ಎರಡು ದಿನ

ಇಸ್ಪೀಟು ಪ್ಯಾಕ್ ಕೂಡಿಡುವ ಹುಚ್ಚು ಹಿಡಿದು ಆರು ವರ್ಷ ಆಯಿತು. ಹೊಸದಾಗಿ ಅಚ್ಚಾಗಿ ಬರುವ ಮಿರಿಮಿರಿ ಪ್ಯಾಕ್‌ಗಳು ನನಗೆ ಅಷ್ಟಾಗಿ ಬೇಡ. ಯಾವುದೋ ಮೇಜಿನ ಮೇಲೆ ನಿಜವಾಗಿ ಆಡಿದ ಎಲೆಗಳು ಬೇಕು. ಅಂಥವನ್ನು ಹುಡುಕಲು ಲಾಸ್ ಏಂಜಲೀಸ್‌ನಿಂದ ಲಾಸ್ ವೇಗಸ್‌ಗೆ ಹೋಗುವ ಮರುಭೂಮಿ ದಾರಿಗಿಂತ ಒಳ್ಳೆಯ ಜಾಗ ನಾನಂತೂ ಕಂಡಿಲ್ಲ.

ಹೋದ ಅಕ್ಟೋಬರ್‌ನಲ್ಲಿ ಒಂದು ಶನಿವಾರ, ಬೆಳಕು ಹರಿಯುವ ಮುಂಚೆ, ಭಾವನ ಜೊತೆ ಹೊರಟೆ. 15ನೇ ಹೆದ್ದಾರಿ ಹಿಡಿದರೆ ಬಾರ್‌ಸ್ಟೋ, ಆಮೇಲೆ ಬೇಕರ್. ಬೇಕರ್‌ನಲ್ಲಿ 134 ಅಡಿ ಎತ್ತರದ ಥರ್ಮಾಮೀಟರ್ ಕಂಬ ಇದೆ. 1913ರ ಜುಲೈ 10ರಂದು ಡೆತ್ ವ್ಯಾಲಿಯಲ್ಲಿ ದಾಖಲಾದ 134 ಡಿಗ್ರಿ ಫ್ಯಾರನ್‌ಹೀಟ್ ನೆನಪಿಗೆ ಅಷ್ಟು ಎತ್ತರ. ಅದನ್ನು ಕಂಡಾಗಲೆಲ್ಲ ನನಗೆ ಮೊದಲ ಸಲದ ಪ್ರಯಾಣ ನೆನಪಾಗುತ್ತದೆ. ಆಗ ಒಂದು ಒಳ್ಳೆಯ ಪ್ಯಾಕನ್ನು ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಊಟಕ್ಕೆ ಇಳಿದಿದ್ದೆ. ವಾಪಸ್ ಬರುವಷ್ಟರಲ್ಲಿ ಎಲೆಗಳೆಲ್ಲ ದೋಣಿಯ ಹಾಗೆ ಬಾಗಿದ್ದವು. ವಾರಗಟ್ಟಲೆ ಪುಸ್ತಕದ ಅಡಿಯಲ್ಲಿಟ್ಟರೂ ಪೂರ್ತಿ ಸರಿಹೋಗಲಿಲ್ಲ. ಈಗ ಕೊಂಡಿದ್ದನ್ನೆಲ್ಲ ದಪ್ಪ ಟವೆಲ್‌ನಲ್ಲಿ ಸುತ್ತಿ, ಬಿಸಿಲು ಬೀಳದ ಹಾಗೆ ಹಿಂದಿನ ಸೀಟಿನ ಕೆಳಗೆ ಇಡುತ್ತೇನೆ. ಐಸ್ ಇರುವ ಡಬ್ಬಿಯಲ್ಲಿ ಮಾತ್ರ ಬೇಡ. ತೇವ ಬಿಸಿಲಿಗಿಂತ ಕೆಟ್ಟದ್ದು.

ವೇಗಸ್‌ನಲ್ಲಿ ಮೊದಲು ಹುಡುಕಿದ್ದು ಕ್ಯಾಸಿನೋದಲ್ಲಿ ಆಡಿ ಬಿಟ್ಟ ಪ್ಯಾಕ್‌ಗಳನ್ನು. ಮೇಜಿನ ಮೇಲಿನ ಎಲೆಗಳನ್ನು ಅವರು ಆಗಾಗ ಬದಲಾಯಿಸುತ್ತಲೇ ಇರುತ್ತಾರೆ. ಹಳೆಯದನ್ನು ಮಾರುವ ಮುಂಚೆ ನಡುವೆ ತೂತು ಕೊರೆಯುತ್ತಾರೆ, ಇಲ್ಲವೇ ಮೂಲೆ ಕತ್ತರಿಸುತ್ತಾರೆ. ಹಾಗೆ ಮಾಡದಿದ್ದರೆ ಯಾರಾದರೂ ಅದೇ ಎಲೆಯನ್ನು ತೋಳಿನಲ್ಲಿ ಅಡಗಿಸಿಕೊಂಡು ಆಟಕ್ಕೆ ತರಬಹುದಲ್ವಾ? ಆ ತೂತನ್ನು ಕುಂದು ಅಂದುಕೊಳ್ಳುವವರು ಜಾಸ್ತಿ. ನನಗೆ ಅದೇ ಗುರುತು. ಈ ಎಲೆಗಳ ಮೇಲೆ ಯಾರೋ ದುಡ್ಡು ಕಟ್ಟಿದ್ದರು ಅನ್ನುವುದಕ್ಕೆ ಅದೇ ಸಾಕ್ಷಿ. ಕೆಲವು ಡಾಲರ್ ಕೊಟ್ಟರೆ ಸಿಗುತ್ತವೆ. ಎಣಿಸಿಯೇ ಕೊಳ್ಳಿ, ಎಷ್ಟೋ ಸಲ 52 ಇರುವುದಿಲ್ಲ.

ಕಡಿಮೆ ಬೆಲೆ ಅಂತ ಸುಮ್ನೆ ದಾಟಿಹೋಗಬೇಡಿ. ಜೆರ್ರೀಸ್ ನಗೆಟ್ ಕ್ಯಾಸಿನೋ 1970ರ ಸುಮಾರಿಗೆ ಅಚ್ಚು ಹಾಕಿಸಿದ ಪ್ಯಾಕ್‌ಗಳು ವರ್ಷಾನುಗಟ್ಟಲೆ ಅವರದೇ ಅಂಗಡಿಯಲ್ಲಿ ಪುಡಿಗಾಸಿಗೆ ಬಿದ್ದಿದ್ದವು. ಆಮೇಲೆ ಇಸ್ಪೀಟಿನ ಕೈಚಳಕ ತೋರಿಸುವವರ ಕಣ್ಣಿಗೆ ಬಿದ್ದು, ಒಂದು ಪ್ಯಾಕಿಗೆ ನೂರಾರು ಡಾಲರ್ ಆಯಿತು.

ಬೆನ್ನಿನ ಚಿತ್ತಾರವನ್ನೂ ಹತ್ತಿರದಿಂದ ನೋಡುತ್ತೇನೆ. ಬೀ ಅನ್ನುವ ಬ್ರ್ಯಾಂಡಿನ ಎಲೆಗಳು 1892ರಿಂದ ಬರುತ್ತಿವೆ. ಅವುಗಳ ಬೆನ್ನಿನ ಮೇಲೆ ಸಣ್ಣ ಸಣ್ಣ ವಜ್ರದ ಆಕಾರ, ಸುತ್ತ ಬಿಳಿ ಅಂಚಿಲ್ಲ. ಕತ್ತರಿಸುವಾಗ ಕೂದಲೆಳೆಯಷ್ಟು ಸರಿದರೂ ಒಂದು ಬದಿಯಲ್ಲಿ ಅರ್ಧ ವಜ್ರ, ಎದುರು ಬದಿಯಲ್ಲಿ ಕಾಲು ವಜ್ರ ಉಳಿಯುತ್ತದೆ. ಇಂಥ ವ್ಯತ್ಯಾಸವನ್ನೇ ಹಿಡಿದು, ಬೆನ್ನು ನೋಡಿಯೇ ಎಲೆ ಎಂಥದ್ದೆಂದು ಗುರುತಿಸಿ, ಪೋಕರ್ ಆಟಗಾರ ಫಿಲ್ ಐವಿ 2012ರಲ್ಲಿ ಲಂಡನ್ನಿನ ಕ್ಯಾಸಿನೋದಲ್ಲಿ ಸುಮಾರು 77 ಲಕ್ಷ ಪೌಂಡ್ ಗೆದ್ದ. ಕ್ಯಾಸಿನೋ ಹಣ ಕೊಡಲಿಲ್ಲ, 2017ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಕೂಡ ಅವನ ಪರ ನಿಲ್ಲಲಿಲ್ಲ. ನನಗೆ ಸಿಕ್ಕ ಒಂದು ನೀಲಿ ಪ್ಯಾಕ್ ಹೀಗೇ ಓರೆಯಾಗಿ ಕತ್ತರಿಸಿದ್ದು. ಕಳಾವರ್ ಏಳನ್ನು ತಿರುಗಿಸಿ ಹಿಡಿದರೆ ಅಂಚು ಬೇರೆಯೇ ಕಾಣುತ್ತದೆ. ತುಂಬಾ ಖುಷಿಯಾಯಿತು.

ಭಾನುವಾರ ಬೌಲ್ಡರ್ ಸಿಟಿಗೆ ಹೋದೆವು. ಹೂವರ್ ಅಣೆಕಟ್ಟು ಕಟ್ಟುವವರಿಗಾಗಿ 1931ರಲ್ಲಿ ಎದ್ದ ಊರು. ನೆವಾಡದಲ್ಲಿದ್ದರೂ ಅಲ್ಲಿ ಜೂಜು ಇಲ್ಲ. ಆದರೆ ಹಳೆಯ ಸಾಮಾನಿನ ಅಂಗಡಿಗಳಿವೆ. ಒಂದು ಅಂಗಡಿಯಲ್ಲಿ ಸ್ಟಾರ್‌ಡಸ್ಟ್ ಕ್ಯಾಸಿನೋದ ಡಬ್ಬಿ ಕಂಡಿತು. 2007ರಲ್ಲಿ ಸ್ಫೋಟಿಸಿ ಕೆಡವಿದ ಕಟ್ಟಡ ಅದು. ಕೈ ಚಾಚಿಯೇ ಬಿಟ್ಟೆ. ಭಾವ ಮೆಲ್ಲಗೆ, "ಮೊದಲು ಎಕ್ಕ ತೆಗೆದು ನೋಡೋ" ಅಂದರು. ನಾನೇ ಅವರಿಗೆ ಹೇಳಿಕೊಟ್ಟಿದ್ದ ಪಾಠ. ತೆಗೆದರೆ, ಒಳಗಿದ್ದದ್ದು ಯಾವುದೋ ಪೆಟ್ರೋಲ್ ಬಂಕ್ ಪ್ಯಾಕ್. ಡಬ್ಬಿ ಮಾತ್ರ ಅಸಲಿ.

ಇಸ್ಪೀಟ್ ಎಕ್ಕದ, ಅಂದರೆ ಸ್ಪೇಡ್ ಎಕ್ಕದ, ಮೇಲೆ ತಯಾರಿಸಿದವರ ಹೆಸರಿರುತ್ತದೆ. ಬೈಸಿಕಲ್, ಬೀ ತರಹದ ಬ್ರ್ಯಾಂಡ್‌ಗಳ ಹಳೆಯ ಪ್ಯಾಕ್‌ಗಳಲ್ಲಿ ಅಲ್ಲೇ ಒಂದು ಅಕ್ಷರ, ಕೆಲವು ಅಂಕಿ ಸಣ್ಣದಾಗಿ ಇರುತ್ತವೆ. ಆ ಅಕ್ಷರ ವರ್ಷದ ಗುರುತು. ಅದೇ ಅಕ್ಷರ ಮುಂದೆ ಮತ್ತೆ ಬರುವುದರಿಂದ ಡಬ್ಬಿ, ಜೋಕರ್, ಬೆನ್ನು ಮೂರನ್ನೂ ಜೊತೆಗಿಟ್ಟು ತಾಳೆ ನೋಡಬೇಕು. ಭೂತಗನ್ನಡಿ ನನ್ನ ಜೇಬಿನಲ್ಲಿ ಯಾವಾಗಲೂ ಇರುತ್ತದೆ.

ಅದೇ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಇನ್ನೊಂದಿತ್ತು. ಬಿಚ್ಚೇ ಇಲ್ಲದ ಪ್ಯಾಕ್, ಬಾಯಿಗೆ ಅಡ್ಡಲಾಗಿ ನೀಲಿ ಸರ್ಕಾರಿ ತೆರಿಗೆ ಚೀಟಿ. ಅಮೆರಿಕದಲ್ಲಿ ಇಸ್ಪೀಟಿನ ಮೇಲಿನ ಆ ತೆರಿಗೆ 1965ರಲ್ಲಿ ನಿಂತಿತು. ಹಾಗಾಗಿ ಪ್ಯಾಕ್ ಅದಕ್ಕಿಂತ ಹಳೆಯದು. ಎಕ್ಕ ನೋಡಬೇಕೆಂದರೆ ಚೀಟಿ ಹರಿಯಬೇಕು. ಕಾಲು ಗಂಟೆ ಅದನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಚೀಟಿಯ ಅಂಚು ಎಲ್ಲೂ ಎದ್ದಿರಲಿಲ್ಲ, ಮತ್ತೆ ಅಂಟಿಸಿದ ಗುರುತೂ ಇರಲಿಲ್ಲ. ಕೊಂಡೆ.

ವಾಪಸ್ ಬರುವಾಗ ಸರ್ಚ್‌ಲೈಟ್, ನಿಪ್ಟನ್ ದಾರಿ ಹಿಡಿದೆವು. ಎರಡೂ ಕಡೆ ಜೋಶುವಾ ಮರಗಳು, ನಡುವೆ ನಮ್ಮ ಕಾರೊಂದೇ. ಟವೆಲ್ ಸುತ್ತಿದ ಆ ಪ್ಯಾಕನ್ನು ಸೀಟಿನ ಕೆಳಗೆ ಇಡಲು ಮನಸ್ಸಾಗದೆ ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಈಗ ಕಪಾಟಿನಲ್ಲಿದೆ. ಅದರ ಎಕ್ಕ ನಾನು ಇನ್ನೂ ನೋಡಿಲ್ಲ.