ಒಂದೇ ಲಿಫ್ಟ್, ಒಂದೇ ರನ್: ನವೆಂಬರ್ ಸ್ಕೀಯಿಂಗ್‌ನಲ್ಲಿ ವರ್ಟಿಕಲ್ ಲೆಕ್ಕ

ಕೊಲರಾಡೋದಲ್ಲಿ ಸ್ಕೀ ಸೀಸನ್ ಶುರುವಾಗುವುದು ಹೆಚ್ಚಾಗಿ ಮೆಷಿನ್ ಮಾಡಿದ ಹಿಮದ ಮೇಲೆ. ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರ ಅಂದರೆ ಡೆನ್ವರ್‌ನಲ್ಲಿ ಎಷ್ಟೋ ದಿನ ಇನ್ನೂ ಬಿಸಿಲು ಇರುತ್ತದೆ. ಅಲ್ಲಿಂದ ಐ-70 ಹೆದ್ದಾರಿ ಹಿಡಿದು ಸುಮಾರು ಒಂದು ಗಂಟೆ ಮೇಲಕ್ಕೆ ಹೋದರೆ ಲವ್‌ಲ್ಯಾಂಡ್ ಸ್ಕೀ ರೆಸಾರ್ಟ್. ಕಂದು ಬಣ್ಣದ ಗುಡ್ಡ, ಅದರ ಮಧ್ಯೆ ಮೇಲಿಂದ ಕೆಳಗೆ ಒಂದು ಬಿಳಿ ಪಟ್ಟಿ. ಬೆಟ್ಟದ ಪಾಸ್ (ಕಣಿವೆ ದಾರಿ) ದಾಟಿದರೆ ಸಿಗುವ ಅರಾಪಹೋ ಬೇಸಿನ್ ರೆಸಾರ್ಟ್‌ನಲ್ಲೂ ಇದೇ ಕಥೆ. ಇಂಥ ಪಟ್ಟಿಗೆ ಇಲ್ಲಿನವರು ತಮಾಷೆಗೆ 'ವೈಟ್ ರಿಬ್ಬನ್ ಆಫ್ ಡೆತ್' ಅಂತಾರೆ. ಕಿರಿದಾದ ಜಾಗದಲ್ಲಿ ಊರಿನ ಅರ್ಧ ಜನ ಒಟ್ಟಿಗೆ ಇಳಿಯುತ್ತಿರುತ್ತಾರಲ್ಲ, ಅದಕ್ಕೆ.

ತುಂಬಾ ಜನ ಈ ದಿನಗಳನ್ನು ಬಿಟ್ಟುಬಿಡುತ್ತಾರೆ. ಅದೇ ರನ್ (ಇಳಿಯುವ ದಾರಿ), ಅದೇ ಲಿಫ್ಟ್ (ಮೇಲಕ್ಕೆ ಒಯ್ಯುವ ತೂಗುಕುರ್ಚಿ), ಬೋರು ಅಂತ. ನನಗೆ ಇಷ್ಟವಾಗುವುದೇ ಅದು. ಯಾಕೆಂದರೆ 'ಇವತ್ತು ಎಷ್ಟು ವರ್ಟಿಕಲ್ ಮಾಡಿದೆ' ಅನ್ನುವ ಲೆಕ್ಕ ನಿಜವಾಗಿ ಏನು ಹೇಳುತ್ತದೆ ಅಂತ ನೋಡಲು ಇದಕ್ಕಿಂತ ಒಳ್ಳೆಯ ಸಮಯ ಇಲ್ಲ.

ವರ್ಟಿಕಲ್ ಅಂದರೆ ಮೇಲಿಂದ ಕೆಳಗೆ ಎಷ್ಟು ಎತ್ತರ ಇಳಿದೆವು ಅನ್ನೋದು, ಅಷ್ಟೇ. ದಾರಿ ಎಷ್ಟು ಉದ್ದ ಅನ್ನೋದು ಇದರಲ್ಲಿ ಬರಲ್ಲ. ಲವ್‌ಲ್ಯಾಂಡ್ ಸಾಮಾನ್ಯವಾಗಿ ಮೊದಲು ತೆರೆಯುವುದು ಕ್ಯಾಟ್‌ವಾಕ್, ಮ್ಯಾಂಬೋ, ಹೋಮ್ ರನ್ ಮೂರೂ ಸೇರಿದ ಒಂದು ದಾರಿ. ಉದ್ದ ಒಂದು ಮೈಲಿಗಿಂತ ಸ್ವಲ್ಪ ಜಾಸ್ತಿ, ಇಳಿತ ಸುಮಾರು 1,000 ಅಡಿ. ಲೆಕ್ಕ ಎಷ್ಟು ಸಲೀಸು ನೋಡಿ. ಹತ್ತು ಸುತ್ತು ಹೊಡೆದರೆ 10,000 ಅಡಿ. ಡೆನ್ವರ್ ಊರು ಇರುವುದೇ ಸಮುದ್ರ ಮಟ್ಟದಿಂದ 5,280 ಅಡಿ ಎತ್ತರದಲ್ಲಿ. ಮಧ್ಯಾಹ್ನದ ಊಟದ ಹೊತ್ತಿಗೆ ಅದಕ್ಕಿಂತ ಜಾಸ್ತಿ ಇಳಿದಾಗಿರುತ್ತದೆ.

ನಾನು ಮಾಡುವುದು ಇಷ್ಟು. ಫೋನನ್ನು ಜಾಕೆಟ್ಟಿನ ಒಳಜೇಬಿನಲ್ಲಿ ಇಟ್ಟು ಆ್ಯಪ್ ಓಡಿಸುತ್ತೇನೆ. ಎಷ್ಟು ಸುತ್ತು ಆಯಿತು ಅಂತ ಬೆರಳಲ್ಲಿ ಎಣಿಸಿಕೊಳ್ಳುತ್ತೇನೆ. ಸಂಜೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಅದೇ ದಾರಿಯಲ್ಲೇ ಇಳಿದಿದ್ದರೂ ಆ್ಯಪ್ ಒಂದೊಂದು ಸುತ್ತಿಗೆ ಒಂದೊಂದು ಅಂಕಿ ತೋರಿಸುತ್ತದೆ. ಕಾರಣ ಇದೆ. ಜಿಪಿಎಸ್ ಉಪಗ್ರಹಗಳೆಲ್ಲ ನಮ್ಮ ತಲೆಯ ಮೇಲೆಯೇ ಇರುತ್ತವೆ, ಕಾಲಡಿಯಿಂದ ಅಳೆಯುವಂಥದ್ದು ಒಂದೂ ಇಲ್ಲ. ಹಾಗಾಗಿ ನಾವು ಎಲ್ಲಿದ್ದೇವೆ ಅನ್ನುವುದನ್ನು ಹೇಳಿದಷ್ಟು ಚೆನ್ನಾಗಿ ಎಷ್ಟು ಎತ್ತರದಲ್ಲಿದ್ದೇವೆ ಅನ್ನುವುದನ್ನು ಅದು ಹೇಳಲಾರದು. ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇರುವ ಫೋನು ವಾಸಿ. ಆದರೆ ಮೋಡ ಕವಿದು ಹವೆ ಬದಲಾದರೆ ಒತ್ತಡವೂ ಬದಲಾಗುತ್ತದೆ. ನಾವು ನಿಂತಲ್ಲೇ ನಿಂತಿದ್ದರೂ ಫೋನು ಮೇಲೆ ಹೋದಂತೆಯೋ ಕೆಳಗೆ ಬಂದಂತೆಯೋ ಲೆಕ್ಕ ಹಾಕಬಹುದು. ಇಂಥ ಸಣ್ಣ ಏರಿಳಿತಗಳನ್ನು ಆ್ಯಪ್ ಸರಿಯಾಗಿ ಸೋಸದಿದ್ದರೆ ದಿನದ ಮೊತ್ತ ಸುಮ್ನೆ ಉಬ್ಬುತ್ತದೆ.

ಕೆಲವು ರೆಸಾರ್ಟ್‌ಗಳ ಲೆಕ್ಕ ಬೇರೆ. ಲಿಫ್ಟ್ ಹತ್ತಲು ಕೊಡುವ ಪಾಸ್‌ನಲ್ಲಿ ಚಿಪ್ ಇರುತ್ತದೆ. ಗೇಟಿನಲ್ಲಿ ಸ್ಕ್ಯಾನ್ ಆಗುತ್ತಿದ್ದ ಹಾಗೆ ಆ ಲಿಫ್ಟಿನ ಪೂರ್ತಿ ಎತ್ತರ ನಿಮ್ಮ ಖಾತೆಗೆ ಬೀಳುತ್ತದೆ. ಮೇಲಿಂದ ಸ್ಕೀಯಲ್ಲಿ ಇಳಿದಿರೋ, ಲಿಫ್ಟಿನಲ್ಲೇ ಕೂತು ವಾಪಸ್ ಬಂದಿರೋ, ಗೇಟಿಗೆ ಗೊತ್ತಿಲ್ಲ.

ಈಗ ಯಾರಾದರೂ "ಇವತ್ತು ಇಪ್ಪತ್ತು ಸಾವಿರ ಅಡಿ ಇಳಿದೆ ಕಣ್ರೀ" ಅಂದರೆ ನಾನು ಕೇಳುವುದು ಎರಡೇ ಪ್ರಶ್ನೆ. ಎಷ್ಟು ಗಂಟೆಯಲ್ಲಿ? ಯಾವ ಲಿಫ್ಟಿನಲ್ಲಿ? ಲವ್‌ಲ್ಯಾಂಡ್‌ನ ಚೆಟ್ಸ್ ಡ್ರೀಮ್ 2018ರಲ್ಲಿ ಬಂದ ಹೈ ಸ್ಪೀಡ್ ಲಿಫ್ಟ್. ವಾರದ ಮಧ್ಯೆ ಕ್ಯೂ ಇಲ್ಲದ ದಿನ ಸುತ್ತಿನ ಮೇಲೆ ಸುತ್ತು ಹೊಡೆಯಬಹುದು. ಅದೇ ಶನಿವಾರ ಹೋದರೆ ಇಳಿಯುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಗಂಟೆಗೆ ಎಷ್ಟು ಅಡಿ ಅನ್ನುವ ಅಂಕಿ ನಿಮ್ಮ ಕೌಶಲಕ್ಕಿಂತ ಕ್ಯೂ ಎಷ್ಟುದ್ದ ಇತ್ತು ಅನ್ನುವುದನ್ನೇ ಹೇಳುತ್ತದೆ.

ಇಳಿಜಾರು ಎಂಥದ್ದು ಅನ್ನುವುದೂ ಇದರಲ್ಲಿ ಕಾಣಲ್ಲ. ಪಕ್ಕದ ಕೀಸ್ಟೋನ್‌ನಲ್ಲಿ ಸ್ಕೂಲ್‌ಮಾರ್ಮ್ ಅಂತ ಒಂದು ರನ್ ಇದೆ. ಮೂರು ಮೈಲಿಗೂ ಜಾಸ್ತಿ ಉದ್ದ, ಇಳಿತ 2,300 ಅಡಿ ಹತ್ತಿರ. ಒಂದು ಸುತ್ತಿಗೇ ಲವ್‌ಲ್ಯಾಂಡ್‌ನ ಎರಡು ಸುತ್ತಿಗಿಂತ ಜಾಸ್ತಿ ವರ್ಟಿಕಲ್ ಸಿಗುತ್ತದೆ. ಆದರೆ ಅದು ಹೊಸಬರಿಗೆ ಅಂತಲೇ ಇರುವ ಹಸಿರು ರನ್. ಹಾಗಂತ ಅದೇ ಎರಡು ಸಾವಿರ ಅಡಿಯನ್ನು ಜನವರಿಯಲ್ಲಿ ಮೊಗಲ್ ಅನ್ನುವ ಹಿಮದ ದಿಬ್ಬಗಳು ತುಂಬಿದ ಕಡಿದಾದ ಇಳಿಜಾರಿನಲ್ಲಿ ಇಳಿದು ನೋಡಿ, ಮೊಣಕಾಲು ಬೇರೆಯೇ ಲೆಕ್ಕ ಕೊಡುತ್ತದೆ.

ಹಾಗಿದ್ದರೆ ಈ ಅಂಕಿ ನನಗೆ ಯಾಕೆ ಬೇಕು? ಕಾಲಿಗೆ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಬೇಸಿಗೆಯಲ್ಲಿ ಎಷ್ಟೇ ಸೈಕಲ್ ಹೊಡೆದರೂ ಈ ಕೆಲಸಕ್ಕೆ ಅದು ಸಾಲದು. ಮೇಲಾಗಿ ಲವ್‌ಲ್ಯಾಂಡ್‌ನ ಬೇಸ್ ಇರುವುದೇ 10,800 ಅಡಿಯಲ್ಲಿ. ಆ ಎತ್ತರದಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಮೂರನೇ ಎರಡು ಭಾಗದಷ್ಟೇ. ಅದಕ್ಕೇ ಸೀಸನ್ನಿನ ಮೊದಲ ದಿನ ಎಂಟು ಸಾವಿರ ಅಡಿ ಆದ ಮೇಲೆ ಬೂಟು ಬಿಚ್ಚುತ್ತೇನೆ, ಎಷ್ಟೇ ಆಸೆ ಇದ್ದರೂ. ಮುಂದಿನ ಸಲ ಎರಡು ಸುತ್ತು ಜಾಸ್ತಿ. ರನ್ ಒಂದೇ ಆದ್ದರಿಂದ ಹೋಲಿಕೆ ಸರಿಯಾಗಿ ಕೂರುತ್ತದೆ. ಒಂಬತ್ತನೇ ಸುತ್ತಿಗೆ ಮೊದಲ ಸುತ್ತಿಗಿಂತ ತುಂಬಾ ಹೊತ್ತು ಹಿಡಿದರೆ ಕಾಲು ಸೋತಿದೆ ಅಂತಲೇ.

ಹಿಮದ ಸ್ಥಿತಿಯನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಬೆಳಿಗ್ಗೆ ಹಿಮ ಸಮ ಮಾಡುವ ಗ್ರೂಮರ್ ಯಂತ್ರದ ಹಲ್ಲು ಎಳೆದ ಗೆರೆಗಳು ಇನ್ನೂ ಇರುತ್ತವೆ, ಸ್ಕೀ ಚೆನ್ನಾಗಿ ಕಚ್ಚಿ ಹಿಡಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಡಿದಾದ ಜಾಗದಲ್ಲಿ ಜನ ಕೆರೆದು ಕೆರೆದು ಮೇಲಿನ ಹಿಮವೆಲ್ಲ ಬದಿಗೆ ಗುಡ್ಡೆಯಾಗಿರುತ್ತದೆ. ಮಧ್ಯೆ ಬೂದು ಬಣ್ಣದ ಐಸು ಹೊಳೆಯುತ್ತದೆ. ಅಂಚಿಗೆ ಹೋದರೆ ತೆಳು ಹಿಮದಡಿ ಕಲ್ಲು. ಹಾಗಾಗಿ ನವೆಂಬರಿಗೆ ಹಳೇ ಸ್ಕೀಗಳೇ ಸಾಕು, ಅಂಚು ಮಾತ್ರ ಹರಿತ ಮಾಡಿಸಿಕೊಂಡು ಹೋಗಿ. ಆ ಐಸಿನ ಮೇಲೆ ಇಳಿದ ಸಾವಿರ ಅಡಿಯನ್ನು ಬೆಳಗಿನ ಸಾವಿರ ಅಡಿಯ ಜೊತೆ ನಾನು ಕೂಡುವುದೇ ಇಲ್ಲ, ಬೇರೆ ಸಾಲಿನಲ್ಲಿ ಬರೆಯುತ್ತೇನೆ.