ಲಿನಕ್ಸ್‌ನಲ್ಲಿ ಮೌಸ್ ಮಲಗಿಬಿಟ್ಟರೆ ಎಬ್ಬಿಸುವುದು ಹೇಗೆ?

ಮೌಸ್ ಓಡಲಿಲ್ಲ ಅಂತ ತಿಪಟೂರಿನ ನಮ್ಮ ಭಾವ ಎರಡು ಸಲ ಉಬುಂಟು ಅನ್ನೋ ಲಿನಕ್ಸನ್ನು ಅಳಿಸಿ ಮತ್ತೆ ಹಾಕಿದರು. ಎರಡನೇ ಸಲ ಕೊಬ್ಬರಿ ಮಂಡಿಯ ಲೆಕ್ಕವೂ ಜೊತೆಗೇ ಹೋಯಿತು. ತುಮಕೂರಿನ ಅಂಗಡಿಯವನೊಬ್ಬ ‘ಲಿನಕ್ಸ್ ಅಂದ್ರೆ ಹಂಗೇ ಸಾರ್’ ಅಂದು ಹೊಸ ಮೌಸ್ ಮಾರಿದ. ಅದೂ ಓಡಲಿಲ್ಲ.

ಮೊದಲು ಸೆಲ್ ಬದಲಿಸಿ, ಅಡಿಯ ಸ್ವಿಚ್ ನೋಡಿ, ಬೇರೆ ಪೋರ್ಟಿಗೆ ಸಿಕ್ಕಿಸಿ. ಎಷ್ಟೋ ಸಲ ಇಷ್ಟಕ್ಕೇ ಮುಗಿಯುತ್ತದೆ.

ಮುಗಿಯಲಿಲ್ವಾ? ಕಂಟ್ರೋಲ್, ಆಲ್ಟ್, ಟಿ ಒಟ್ಟಿಗೆ ಒತ್ತಿ. ಉಬುಂಟುವಿನಲ್ಲಿ ಟರ್ಮಿನಲ್, ಅಂದರೆ ಆದೇಶ ಟೈಪ್ ಮಾಡುವ ಕಿಟಕಿ ತೆರೆಯುತ್ತದೆ, ಮೌಸ್ ಬೇಕಿಲ್ಲ. ‘ಎಲ್‌ಎಸ್‌ಯುಎಸ್‌ಬಿ’ (lsusb) ಅಂತ ಇಂಗ್ಲಿಷಿನ ಚಿಕ್ಕಕ್ಷರದಲ್ಲಿ ಕೂಡಿಸಿ ಹೊಡೆದು ಎಂಟರ್ ಒತ್ತಿ, ಸಿಕ್ಕಿಸಿರುವ ಯುಎಸ್‌ಬಿ ಸಾಧನಗಳ ಪಟ್ಟಿ ಬರುತ್ತದೆ. ಮೌಸ್ ಕಿತ್ತು ಒಮ್ಮೆ, ಸಿಕ್ಕಿಸಿ ಒಮ್ಮೆ ಹೀಗೇ ಹೊಡೆದು ಸಾಲುಗಳನ್ನು ಎಣಿಸಿ. ಒಂದು ಸಾಲು ಜಾಸ್ತಿ ಆಗದಿದ್ದರೆ ತೊಂದರೆ ಬಹುಮಟ್ಟಿಗೆ ವೈರಿನದು, ಪೋರ್ಟಿನದು, ಇಲ್ಲವೇ ಮೌಸಿನದು. ಸುಮ್ನೆ ಲಿನಕ್ಸಿಗೆ ಬೈಯಬೇಡಿ. ವೈರ್‌ಲೆಸ್ ಆದರೆ ಮಾತ್ರ ಹುಷಾರು, ಕಾಣುವ ಸಾಲು ಪೋರ್ಟಿಗೆ ಸಿಕ್ಕಿಸುವ ಪುಟ್ಟ ರಿಸೀವರಿನದು. ಸೆಲ್ ಸತ್ತ ಮೌಸ್ ಮೇಜಿನ ಮೇಲೆ ಬಿದ್ದಿದ್ದರೂ ಆ ಸಾಲು ಬಂದೇ ಬರುತ್ತದೆ. ಪಕ್ಕದ ಪೋರ್ಟಿನಲ್ಲಿ ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಇದ್ದರೆ ಅದರ ರೇಡಿಯೊ ಗದ್ದಲಕ್ಕೆ ಪರದೆಯ ಬಾಣ ತಡವರಿಸುವುದೂ ಉಂಟು, ಏಕೆಂದರೆ ರಿಸೀವರ್ ಮಾತಾಡುವುದೂ ಅದೇ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ. ಚಿಕ್ಕ ಎಕ್ಸ್‌ಟೆನ್ಷನ್ ವೈರ್ ಹಾಕಿ ರಿಸೀವರನ್ನು ದೂರ ಇಡಿ. ನನ್ನ ಕೇಳಿದರೆ ಮಂಡಿ, ಅಂಗಡಿಗೆಲ್ಲ ವೈರ್ ಇರುವ ಮೌಸೇ ಸರಿ.

ಈಗ ಭಾವನ ಕಾಯಿಲೆ. ಮೌಸ್ ಓಡುತ್ತದೆ, ಬಿಲ್ ನೋಡುತ್ತಾ ಸ್ವಲ್ಪ ಹೊತ್ತು ಕೈಬಿಟ್ಟರೆ ಬಾಣ ಅಂಟಿಕೊಳ್ಳುತ್ತದೆ, ಒಂದೆರಡು ಸಲ ಕ್ಲಿಕ್ ಮಾಡಿದ ಮೇಲೆ ಮತ್ತೆ ಓಡುತ್ತದೆ. ಇದು ಕೆಟ್ಟಿದ್ದಲ್ಲ, ನಿದ್ದೆ. ಬ್ಯಾಟರಿ ಉಳಿಸೋಣ ಅಂತ ಯಾರೋ ಪವರ್‌ಟಾಪ್ ಅನ್ನೋ ಪ್ರೋಗ್ರಾಂ ಹಾಕಿ ಅದರ ‘ಆಟೋ ಟ್ಯೂನ್’ ಓಡಿಸಿರುತ್ತಾರೆ. ಅದು ಹಿಂದುಮುಂದು ನೋಡದೆ ಮೌಸನ್ನೂ ಮಲಗುವವರ ಪಟ್ಟಿಗೆ ಸೇರಿಸುತ್ತದೆ. ಸುಮ್ಮನಿರುವ ಸಾಧನವನ್ನು ಮಲಗಿಸಲು ಲಿನಕ್ಸಿನ ತಿರುಳಾದ ಕರ್ನಲ್‌ನ ಮಾಮೂಲಿ ಗಡುವು ಬರೀ 2 ಸೆಕೆಂಡು.

ಟರ್ಮಿನಲ್‌ನಲ್ಲಿ ‘ಸುಡೊ ಪವರ್‌ಟಾಪ್’ (sudo powertop) ಹೊಡೆಯಿರಿ. ಪಾಸ್‌ವರ್ಡ್ ಹಾಕುವಾಗ ಪರದೆಯ ಮೇಲೆ ಏನೂ ಕಾಣದಿರಬಹುದು, ಗಾಬರಿ ಬೇಡ. ಟ್ಯಾಬ್ ಕೀ ಒತ್ತುತ್ತಾ ‘ಟ್ಯೂನಬಲ್ಸ್’ ಪುಟಕ್ಕೆ ಹೋಗಿ, ಕೆಳಗಿನ ಬಾಣದ ಕೀಯಿಂದ ಮೌಸಿನ ಸಾಲಿಗೆ ಬನ್ನಿ. ಅಲ್ಲಿ ‘ಗುಡ್’ ಅಂತ ಇರುತ್ತದೆ. ಎಂಟರ್ ಒತ್ತಿ ಅದನ್ನು ‘ಬ್ಯಾಡ್’ ಮಾಡಿ. ಎಲ್ಲರೂ ಎಡವುವುದು ಇಲ್ಲೇ. ‘ಬ್ಯಾಡ್’ ಕಂಡ ಕೂಡಲೇ ಕೈ ತಡೆಯದೆ ಮತ್ತೆ ‘ಗುಡ್’ ಮಾಡಿ ಎದ್ದು ಹೋಗುತ್ತಾರೆ. ಆ ‘ಗುಡ್’ ಬ್ಯಾಟರಿಗೆ ಒಳ್ಳೇದು, ನಿಮಗಲ್ಲ! ಮೌಸ್, ಕೀಬೋರ್ಡಿನ ಸಾಲು ‘ಬ್ಯಾಡ್’ ಇರಲಿ, ಮಿಕ್ಕಿದ್ದು ಮುಟ್ಟಬೇಡಿ.

ಈ ಬದಲಾವಣೆ ಮುಂದಿನ ರೀಸ್ಟಾರ್ಟ್‌ವರೆಗೆ ಮಾತ್ರ. ಬೆಳಿಗ್ಗೆ ಮತ್ತೆ ನಿದ್ದೆ ಶುರುವಾದರೆ ಆಟೋ ಟ್ಯೂನ್ ತಾನಾಗೇ ಓಡುತ್ತಿದೆ ಅಂತ ಲೆಕ್ಕ. ಬ್ಯಾಟರಿ ಉಳಿತಾಯಕ್ಕಿಂತ ಮೌಸ್ ಮುಖ್ಯ ಅನ್ನುವವರು ‘ಸುಡೊ ಆಪ್ಟ್ ರಿಮೂವ್ ಪವರ್‌ಟಾಪ್’ (sudo apt remove powertop) ಅಂತ ಹೊಡೆದು ಅದನ್ನೇ ತೆಗೆದುಹಾಕಿ ಒಮ್ಮೆ ರೀಸ್ಟಾರ್ಟ್ ಮಾಡಿ. ಭಾವನ ಮಂಡಿಯಲ್ಲಿ ನಾನು ಮಾಡಿದ್ದು ಇದನ್ನೇ. ಅಂಗಡಿಯವನು ಮಾರಿದ ಮೌಸ್ ಈಗ ಸ್ಪೇರ್ ಆಗಿ ಡ್ರಾಯರಿನಲ್ಲಿದೆ.